ಗರ್ಭಿಣಿಯರನ್ನು ಅಧ್ಯಯನಕ್ಕೆ ಸೇರಿಸಬೇಕೆ, ಬಿಡಬೇಕೆ? ಪ್ರೋಟೊಕಾಲ್ ಬರೆಯುವವರಿಗೂ ಓದುವವರಿಗೂ ಒಂದು ಹೋಲಿಕೆ

ಔಷಧಿ ಅಧ್ಯಯನವೊಂದರ ಪ್ರೋಟೊಕಾಲ್‌ನಲ್ಲಿ, ಅಂದರೆ ಅದನ್ನು ಹೇಗೆ ನಡೆಸಬೇಕೆಂಬ ಲಿಖಿತ ಯೋಜನೆಯಲ್ಲಿ, ಯಾರನ್ನು ಹೊರಗಿಡಬೇಕೆಂದು ಪಟ್ಟಿ ಮಾಡುವಾಗ ‘ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು’ ಎಂಬ ಸಾಲು ಕೈಗೆ ತಾನಾಗಿಯೇ ಬರುತ್ತದೆ. ಹಳೆಯ ಥೀಸಿಸ್‌ನಿಂದ ಹೊಸದಕ್ಕೆ ಅದು ಇಳಿದು ಬಂದಿರುತ್ತದೆ. ಏಕೆ ಎಂದು ಬರೆದವರು ಹೇಳುವುದಿಲ್ಲ, ಓದಿದವರು ಕೇಳುವುದಿಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ವೈದ್ಯಕೀಯ ಕಾಲೇಜುಗಳಲ್ಲಿ ಸಿನಾಪ್ಸಿಸ್ (ಥೀಸಿಸ್‌ನ ಯೋಜನೆ) ಬರೆಯುತ್ತಿರುವ ಎಂಡಿ, ಎಂಎಸ್ ವಿದ್ಯಾರ್ಥಿಗಳಿಗಾಗಿ, ಅವರ ಗೈಡ್‌ಗಳಿಗಾಗಿ, ಅಧ್ಯಯನ ನೈತಿಕವೇ ಎಂದು ನೋಡಿ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ಸಾಮಾನ್ಯ ಸದಸ್ಯರಾಗಿ ಕೂರುವ ವಕೀಲರು ಮತ್ತು ಶಿಕ್ಷಕರಿಗಾಗಿ ಈ ಬರಹ. ಸೇರಿಸುವುದಕ್ಕೆ ಎಷ್ಟು ಗಟ್ಟಿ ಕಾರಣ ಬೇಕೋ, ಬಿಡುವುದಕ್ಕೂ ಅಷ್ಟೇ ಗಟ್ಟಿ ಕಾರಣ ಬೇಕು ಎಂಬುದು ನಮ್ಮ ನಿಲುವು.

ಗರ್ಭಿಣಿಯನ್ನು ಅಧ್ಯಯನದಿಂದ ಹೊರಗಿಟ್ಟರೆ ಅವಳು ಆ ಔಷಧಿಯಿಂದ ದೂರ ಉಳಿಯುವುದಿಲ್ಲ. ಅಪಸ್ಮಾರ, ಥೈರಾಯ್ಡ್, ಬಿಪಿ, ಕ್ಷಯ, ಎಚ್‌ಐವಿ ಇದ್ದವರಿಗೂ ಗರ್ಭ ನಿಲ್ಲುತ್ತದೆ. ಒಪಿಡಿಯಲ್ಲಿ ಮಾತ್ರೆ ಬರೆಯಲೇಬೇಕಾಗುತ್ತದೆ. ಅಧ್ಯಯನದಲ್ಲಿ ಸ್ಕ್ಯಾನ್, ರಕ್ತಪರೀಕ್ಷೆ, ಲೆಕ್ಕ ಇಡುವ ಜನ, ಕೆಡುಕು ಕಂಡರೆ ನಿಲ್ಲಿಸುವ ಅಧಿಕಾರ ಎಲ್ಲವೂ ಇರುತ್ತವೆ. ಒಪಿಡಿಯಲ್ಲಿ ಅಂದಾಜಿನ ಡೋಸ್ ಮಾತ್ರ. ಗರ್ಭದಲ್ಲಿ ರಕ್ತದ ನೀರಿನಂಶ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ, ಮೂತ್ರಪಿಂಡ ಸೋಸುವ ವೇಗ ಸುಮಾರು ಅರ್ಧದಷ್ಟು ಏರುತ್ತದೆ. ಅಪಸ್ಮಾರದ ಔಷಧಿ ಲ್ಯಾಮೊಟ್ರಿಜಿನ್‌ನ ಮಟ್ಟ ಹಲವರಲ್ಲಿ ಅರ್ಧಕ್ಕೂ ಕೆಳಗೆ ಇಳಿದು, ಹತೋಟಿಯಲ್ಲಿದ್ದ ಫಿಟ್ಸ್ ಮತ್ತೆ ಬರುತ್ತವೆ. ಥೈರಾಯ್ಡ್‌ಗೆ ಕೊಡುವ ಥೈರಾಕ್ಸಿನ್ ಅನ್ನು ಶೇ. 25ರಿಂದ 50ರಷ್ಟು ಏರಿಸಬೇಕಾಗುತ್ತದೆ. ಇದು ತಿಳಿದಿರುವುದು ಯಾರೋ ಗರ್ಭಿಣಿಯರಲ್ಲೇ ಅಳೆದು ನೋಡಿದ್ದರಿಂದ.

ಥ್ಯಾಲಿಡೊಮೈಡ್ ಹೆಸರು ಹೇಳಿ ವಾದ ಮುಗಿಸುವವರಿದ್ದಾರೆ. ಅದು 1957ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂತು, 1961ರಲ್ಲಿ ಹಿಂದಕ್ಕೆ ಹೋಯಿತು, ಸಾವಿರಾರು ಮಕ್ಕಳು ಮೊಂಡು ಕೈಕಾಲುಗಳೊಂದಿಗೆ ಹುಟ್ಟಿದರು. ಆ ದುರಂತ ನಡೆದದ್ದು ಗರ್ಭಿಣಿಯರನ್ನು ಟ್ರಯಲ್‌ಗೆ (ಔಷಧಿ ಪರೀಕ್ಷಿಸುವ ಅಧ್ಯಯನಕ್ಕೆ) ಸೇರಿಸಿದ್ದರಿಂದ ಅಲ್ಲ. ಗರ್ಭದಲ್ಲಿ ಸುರಕ್ಷಿತವೇ ಎಂದು ಸರಿಯಾಗಿ ಪರೀಕ್ಷಿಸದೆ, ಗರ್ಭಿಣಿಯರ ವಾಂತಿಗೆ, ನಿದ್ದೆಗೆ ಅದನ್ನು ಹಂಚಿದ್ದರಿಂದ. ಕೋವಿಡ್ ಲಸಿಕೆಯ ಮೊದಲ ದೊಡ್ಡ ಟ್ರಯಲ್‌ಗಳೂ ಗರ್ಭಿಣಿಯರನ್ನು ಬಿಟ್ಟವು. ಭಾರತದಲ್ಲಿ ಅವರಿಗೆ ಲಸಿಕೆಗೆ ಅನುಮತಿ ಸಿಕ್ಕಿದ್ದು 2021ರ ಜುಲೈ 2ರಂದು, ಎರಡನೇ ಅಲೆ ತನ್ನ ಕೆಲಸ ಮುಗಿಸಿದ ಮೇಲೆ.

ನಿಮ್ಮ ಮುಂದಿರುವ ದಾರಿಗಳು ಐದು.

ಪೂರ್ತಿ ಹೊರಗಿಡುವುದು

ಕೆಲವು ಕಡೆ ಇದೇ ಸರಿ. ಮನುಷ್ಯರಿಗೆ ಮೊದಲ ಬಾರಿ ಕೊಡುತ್ತಿರುವ ಔಷಧಿ. ಪ್ರಾಣಿಗಳಲ್ಲಿ ಗರ್ಭದ ಮೇಲಿನ ಪರಿಣಾಮ ಇನ್ನೂ ನೋಡಿಲ್ಲ. ಐಸೊಟ್ರೆಟಿನಾಯಿನ್, ಮೆಥೊಟ್ರೆಕ್ಸೇಟ್‌ನಂತೆ ಮಗುವಿಗೆ ಹಾನಿ ಖಚಿತವಾಗಿರುವ ಔಷಧಿ. ಅಥವಾ ನಿಮ್ಮ ಪ್ರಶ್ನೆಗೆ ಗರ್ಭಿಣಿಯರಿಂದ ಯಾವ ಉತ್ತರವೂ ಬೇಕಿಲ್ಲ. ಇವುಗಳಲ್ಲಿ ಯಾವುದೆಂದು ಪ್ರೋಟೊಕಾಲ್‌ನಲ್ಲಿ ಮೂರು ಸಾಲು ಬರೆಯಿರಿ. ಚರ್ಮಕ್ಕೆ ಹಚ್ಚುವ, ರಕ್ತಕ್ಕೆ ಇಳಿಯದ ಮುಲಾಮಿಗೂ, ಪ್ರಶ್ನಾವಳಿ ತುಂಬಿಸುವ ಸರ್ವೆಗೂ ಗರ್ಭಿಣಿಯರನ್ನು ಬಿಟ್ಟಿದ್ದರೆ ಕಮಿಟಿ ವಾಪಸ್ ಕಳಿಸಬೇಕು.

ಈ ದಾರಿ ಹಿಡಿದವರು ಮರೆಯುವ ಒಂದು ಸಂಗತಿ ಇದೆ. ಹೊರಗಿಡಬೇಕೆಂದರೆ ಮೂತ್ರಪರೀಕ್ಷೆ ಮಾಡಬೇಕು, ಪರೀಕ್ಷೆ ಮಾಡಿದರೆ ಫಲಿತಾಂಶ ಬರುತ್ತದೆ. ಮದುವೆಯಾಗದ ಹುಡುಗಿಯ ಫಲಿತಾಂಶವನ್ನು ಜೊತೆಗೆ ಬಂದ ಅತ್ತಿಗೆಯೆದುರು ಹೇಳಿದರೆ ಆಗುವ ಹಾನಿ ಔಷಧಿಯ ಹಾನಿಗಿಂತ ದೊಡ್ಡದಾಗಬಹುದು. ಫಲಿತಾಂಶ ಯಾರು ಹೇಳುತ್ತಾರೆ, ಯಾವ ಕೋಣೆಯಲ್ಲಿ, ಜೊತೆಗಿದ್ದವರನ್ನು ಹೇಗೆ ಹೊರಗೆ ಕೂರಿಸುತ್ತೀರಿ ಎಂಬುದನ್ನು ಮೊದಲೇ ಬರೆದಿಡಿ.

ನಡುವೆ ಗರ್ಭ ನಿಂತರೆ: ಬಿಡಿಸುವುದೋ, ಕೇಳಿ ಮುಂದುವರಿಸುವುದೋ

ಒಂದು ವರ್ಷ ನಡೆಯುವ ಟ್ರಯಲ್‌ನಲ್ಲಿ ಕೆಲವರಿಗಾದರೂ ಗರ್ಭ ನಿಲ್ಲುತ್ತದೆ. ‘ತಕ್ಷಣ ಕೈಬಿಡಲಾಗುವುದು’ ಎಂದು ಬರೆಯುವುದು ವಾಡಿಕೆ. ಆದರೆ ಪರೀಕ್ಷೆ ಪಾಸಿಟಿವ್ ಬರುವ ಹೊತ್ತಿಗೆ ಕೊನೆಯ ಮುಟ್ಟಿನಿಂದ ಐದಾರು ವಾರ ಕಳೆದಿರುತ್ತದೆ. ಮಗುವಿನ ಬೆನ್ನುಹುರಿಯ ಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಔಷಧಿ ಮಗುವಿಗೆ ತಲುಪುವಷ್ಟು ಆಗಲೇ ತಲುಪಿದೆ. ಕೈಬಿಟ್ಟರೆ ಆ ಅಪಾಯ ಅಳಿಸಿಹೋಗುವುದಿಲ್ಲ. ಅದರಿಂದ ಏನಾಯಿತು ಎಂಬ ತಿಳಿವು ಮಾತ್ರ ಕಳೆದುಹೋಗುತ್ತದೆ.

ಎರಡರಲ್ಲಿ ಆರಿಸುವುದು ಹೀಗೆ. ಔಷಧಿ ನಿಲ್ಲಿಸಿದರೆ ತಾಯಿಯ ಕಾಯಿಲೆ ಮರುಕಳಿಸುವುದಿಲ್ಲ ಎಂದಾದರೆ ನಿಲ್ಲಿಸಿ, ಆದರೆ ಅವಳನ್ನು ಹೆರಿಗೆಯವರೆಗೂ, ಮಗುವನ್ನು ಕನಿಷ್ಠ ಆರು ವಾರದವರೆಗೂ ನೋಡುತ್ತಿರಿ. ನಿಲ್ಲಿಸಿದರೆ ಫಿಟ್ಸ್, ವೈರಸ್ ಏರಿಕೆ, ಕ್ಷಯ ಉಲ್ಬಣ ಆಗುವಂತಿದ್ದರೆ ಬೇರೆ ಒಪ್ಪಿಗೆ ಪತ್ರ ಕೊಟ್ಟು, ಇದುವರೆಗೆ ತಿಳಿದಿರುವುದನ್ನು ಹೇಳಿ, ಅವಳೇ ನಿರ್ಧರಿಸಲಿ. ಆ ಎರಡನೇ ಪತ್ರ ಮೊದಲ ದಿನವೇ ಕಮಿಟಿಯಿಂದ ಪಾಸಾಗಿರಬೇಕು. ಪಾಸಿಟಿವ್ ಬಂದ ಮೇಲೆ ಬರೆಯಲು ಕೂತರೆ ಕಮಿಟಿಯ ಮುಂದಿನ ಸಭೆಯ ಹೊತ್ತಿಗೆ ಮೊದಲ ಮೂರು ತಿಂಗಳು ಮುಗಿದಿರುತ್ತದೆ. ಗರ್ಭ ಉಳಿಸಿಕೊಳ್ಳುವ, ತೆಗೆಸುವ ನಿರ್ಧಾರದಲ್ಲಿ ಸಂಶೋಧಕರು ಬಾಯಿ ಹಾಕಕೂಡದು.

ಗರ್ಭ ನಿಂತವರನ್ನು ಬಿಡದೆ ನೋಡಿದ್ದರ ಬೆಲೆ ಡೊಲುಟೆಗ್ರಾವಿರ್ ವಿಷಯದಲ್ಲಿ ತಿಳಿಯಿತು. 2018ರಲ್ಲಿ ಬೋಟ್ಸ್‌ವಾನಾದ ಹೆರಿಗೆ ದಾಖಲೆಗಳಲ್ಲಿ, ಗರ್ಭ ಕಟ್ಟುವಾಗಲೇ ಈ ಎಚ್‌ಐವಿ ಔಷಧಿ ತೆಗೆದುಕೊಳ್ಳುತ್ತಿದ್ದ 426 ಮಹಿಳೆಯರಲ್ಲಿ ನಾಲ್ವರ ಮಕ್ಕಳಿಗೆ ಬೆನ್ನುಹುರಿ-ಮೆದುಳಿನ ದೋಷ ಕಂಡಿತು. ಉಳಿದವರಲ್ಲಿ ಅದು ಸಾವಿರಕ್ಕೆ ಒಂದರಷ್ಟು. ಹಲವು ದೇಶಗಳು ಮಹಿಳೆಯರಿಗೆ ಔಷಧಿ ತಡೆದವು. ದಾಖಲೆ ಮುಂದುವರಿದು ಸಂಖ್ಯೆ ಬೆಳೆದಂತೆ ವ್ಯತ್ಯಾಸ ಕರಗಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭ ಧರಿಸಬಲ್ಲವರನ್ನೂ ಸೇರಿಸಿ ಅದನ್ನೇ ಮೊದಲ ಆಯ್ಕೆಯಾಗಿ ಹೇಳಿತು. ಅಂಥ ದಾಖಲೆ ಇನ್ನಷ್ಟು ಮುಂಚೆಯೇ, ಇನ್ನಷ್ಟು ಕಡೆ ಇದ್ದಿದ್ದರೆ ಆ ಗೊಂದಲ ಅಷ್ಟು ದಿನ ಎಳೆಯುತ್ತಿರಲಿಲ್ಲ.

ದಾಖಲಿಸಿ ನೋಡುವ ಅಧ್ಯಯನ

ಔಷಧಿಯನ್ನು ನೀವು ಕೊಡುವುದಿಲ್ಲ. ಹೇಗೂ ತೆಗೆದುಕೊಳ್ಳುತ್ತಿರುವವರನ್ನು ಬರೆದಿಟ್ಟುಕೊಂಡು ಹಿಂಬಾಲಿಸುತ್ತೀರಿ. ಎಂಡಿ ಥೀಸಿಸ್‌ಗೆ ಇದು ಕೈಗೆಟಕುವ ದಾರಿ, ಅಪಾಯವೂ ಕಡಿಮೆ. ಆದರೆ ಇದರಿಂದ ಏನು ಹೇಳಬಹುದು ಎಂಬುದಕ್ಕೆ ಮಿತಿ ಇದೆ. ದೊಡ್ಡ ಹುಟ್ಟುದೋಷ ಯಾವ ಔಷಧಿಯೂ ಇಲ್ಲದೆ ನೂರಕ್ಕೆ ಎರಡು ಮೂರು ಮಕ್ಕಳಲ್ಲಿ ಇರುತ್ತದೆ. ಒಂದು ನಿರ್ದಿಷ್ಟ ದೋಷ 300 ಮಕ್ಕಳಲ್ಲಿ ಒಂದರಲ್ಲೂ ಕಾಣಲಿಲ್ಲ ಎಂದರೂ ಅದು ನೂರಕ್ಕೆ ಒಂದರವರೆಗೆ ಇರಬಹುದು (ಮೂರನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ). 60 ಜನರ ಥೀಸಿಸ್ ಮಾಡಿ ‘ಸುರಕ್ಷಿತ’ ಎಂದು ಬರೆಯಬೇಡಿ. ಅಷ್ಟರಲ್ಲಿ ಶೂನ್ಯ ಬಂದರೂ ನೂರಕ್ಕೆ ಐದರವರೆಗೆ ಬಾಗಿಲು ತೆರೆದೇ ಇರುತ್ತದೆ.

ಕೆಡುವುದು ಎಲ್ಲಿ? ಹೆಚ್ಚು ಕಾಯಿಲೆ ಇದ್ದವರಿಗೇ ಹೆಚ್ಚು ಬಲವಾದ ಔಷಧಿ ಹೋಗುತ್ತದೆ. ಎಂಟನೇ ತಿಂಗಳಲ್ಲಿ ಹಿಮೋಗ್ಲೋಬಿನ್ 7ರ ಆಸುಪಾಸು ಇದ್ದವಳಿಗೆ ಕಬ್ಬಿಣದ ಇಂಜೆಕ್ಷನ್, 10 ಇದ್ದವಳಿಗೆ ಮಾತ್ರೆ. ಮೊದಲನೆಯವಳ ಮಗು ಕಡಿಮೆ ತೂಕದ್ದಾದರೆ ತಪ್ಪು ಇಂಜೆಕ್ಷನ್‌ದಲ್ಲ. ಹೋಲಿಕೆಗೆ ಆರೋಗ್ಯವಂತ ಗರ್ಭಿಣಿಯರನ್ನಲ್ಲ, ಅದೇ ಕಾಯಿಲೆಯ, ಅದೇ ತೀವ್ರತೆಯ, ಬೇರೆ ಚಿಕಿತ್ಸೆ ಪಡೆದವರನ್ನು ಹಿಡಿಯಿರಿ. 20 ವಾರಕ್ಕೆ ಹೆಸರು ಬರೆದುಕೊಂಡರೆ ಅದಕ್ಕೂ ಮುಂಚೆ ಗರ್ಭ ಇಳಿದುಹೋದವರು ಲೆಕ್ಕಕ್ಕೆ ಸಿಗುವುದಿಲ್ಲ.

ಥೀಸಿಸ್ ಸಮಯವನ್ನೂ ಮೊದಲೇ ಲೆಕ್ಕ ಹಾಕಿ. ಡೇಟಾ ಸಂಗ್ರಹಕ್ಕೆ 18 ತಿಂಗಳು ಸಿಗುತ್ತದೆ ಎಂದುಕೊಳ್ಳಿ. 12 ವಾರಕ್ಕೆ ಸೇರಿಸಿ, 40 ವಾರಕ್ಕೆ ಹೆರಿಗೆಯಾಗಿ, ಮಗುವನ್ನು ಆರು ವಾರ ನೋಡಿದರೆ ಒಬ್ಬರಿಗೇ 34 ವಾರ, ಅಂದರೆ ಎಂಟು ತಿಂಗಳು. ಹೊಸಬರನ್ನು ಸೇರಿಸಲು ಉಳಿಯುವುದು ಮೊದಲ ಹತ್ತು ತಿಂಗಳು ಮಾತ್ರ.

ರಕ್ತದಲ್ಲಿ ಔಷಧಿಯ ಮಟ್ಟ ಅಳೆಯುವ ಸಣ್ಣ ಅಧ್ಯಯನ

ನಮ್ಮ ಭಾಗದಲ್ಲಿ ತೀರ ಕಡಿಮೆ ಆರಿಸುವ, ಆದರೆ ಪ್ರಯೋಜನ ದೊಡ್ಡದಿರುವ ದಾರಿ ಇದು. ಔಷಧಿ ಕೊಡಬೇಕೆ ಎಂಬುದು ಈಗಾಗಲೇ ತೀರ್ಮಾನವಾಗಿದೆ, ಎಷ್ಟು ಕೊಡಬೇಕು ಎಂಬುದು ಗೊತ್ತಿಲ್ಲ ಎಂದಾಗ ಇದನ್ನು ಹಿಡಿಯಿರಿ. ಸಾಮಾನ್ಯವಾಗಿ 20-25 ಮಹಿಳೆಯರು ಸಾಕು. ಅದೇ ಮಹಿಳೆಯನ್ನು ಎರಡನೇ ತ್ರೈಮಾಸಿಕದಲ್ಲಿ, ಮೂರನೆಯದರಲ್ಲಿ, ಬಾಣಂತನ ಮುಗಿದ ಮೇಲೆ ಹೀಗೆ ಮೂರು ಬಾರಿ ಅಳೆದರೆ ಅವಳಿಗೆ ಅವಳೇ ಹೋಲಿಕೆ.

ರಕ್ತ ಎಷ್ಟು? ಅಳೆಯುವ ಪ್ರತಿ ದಿನ, ಸಲಕ್ಕೆ 2 ಮಿಲೀಯಂತೆ ಎಂಟು ಸಲ, ಒಟ್ಟು 16 ಮಿಲೀ. ಎಂಟು ವಾರದಲ್ಲಿ 50 ಮಿಲೀ ಅಥವಾ ಕಿಲೋ ತೂಕಕ್ಕೆ 3 ಮಿಲೀ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬಾರದು ಎಂಬ ಅಮೆರಿಕದ ಅಳತೆಯನ್ನು ಇಟ್ಟುಕೊಂಡರೆ ಇದು ಒಳಗೇ ಇದೆ. ಹಾಗೆಂದು ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದವಳ ರಕ್ತವನ್ನು ಅಧ್ಯಯನಕ್ಕೆಂದು ಕೇಳಬೇಡಿ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ ಇದೆ (ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 52.2). ಎಂಟು ಸಲ ಚುಚ್ಚಬೇಡಿ. ಒಂದು ಕ್ಯಾನುಲಾ (ರಕ್ತನಾಳದಲ್ಲಿ ಬಿಡುವ ಸಣ್ಣ ಕೊಳವೆ) ಹಾಕಿ ಅದರಿಂದಲೇ ತೆಗೆಯಿರಿ. ಫಿಟ್ಸ್ ಔಷಧಿ ಫೆನಿಟಾಯಿನ್‌ನಂತೆ ರಕ್ತದ ಪ್ರೋಟೀನ್ ಅಲ್ಬುಮಿನ್‌ಗೆ ಅಂಟಿಕೊಳ್ಳುವ ಔಷಧಿಯಾದರೆ ಒಟ್ಟು ಮಟ್ಟ ನೋಡಿ ಮೋಸ ಹೋಗುತ್ತೀರಿ: ಗರ್ಭದಲ್ಲಿ ಅಲ್ಬುಮಿನ್ ಇಳಿಯುವುದರಿಂದ ಒಟ್ಟು ಕಡಿಮೆ ಕಾಣುತ್ತದೆ, ಕೆಲಸ ಮಾಡುವ ಬಿಡಿ ಭಾಗ ಅಷ್ಟು ಇಳಿದಿರುವುದಿಲ್ಲ. ಬಿಡಿ ಭಾಗವನ್ನೇ ಅಳೆಸಿ.

ಚೀಟಿ ಎತ್ತಿ ಹಂಚುವ ಟ್ರಯಲ್

ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಇಲ್ಲಿ ಚೀಟಿ ಎತ್ತಿದಂತೆ ಹಂಚುತ್ತಾರೆ. ‘ಇದರಿಂದ ಉಪಯೋಗವಿದೆಯೇ’ ಎಂಬ ಪ್ರಶ್ನೆಗೆ ನಂಬುವಂಥ ಉತ್ತರ ಕೊಡುವುದು ಇದೊಂದೇ. ಹುಬ್ಬಳ್ಳಿಯಿಂದ ಎರಡು ತಾಸಿನ ದಾರಿಯ ಬೆಳಗಾವಿ ಜಿಲ್ಲೆಯಲ್ಲೇ ಇದರ ದೊಡ್ಡ ಉದಾಹರಣೆಗಳಿವೆ.

2002ರಿಂದ 2005ರವರೆಗೆ ಅಲ್ಲಿಯ ಹಳ್ಳಿಗಳಲ್ಲಿ 1,620 ಮಹಿಳೆಯರಲ್ಲಿ, ಹೆರಿಗೆಯಾದ ಕೂಡಲೇ ಬಾಯಿಂದ ಕೊಡುವ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ (ರಕ್ತಸ್ರಾವ ತಡೆಯುವ ಮಾತ್ರೆ) ಅನ್ನು ಪ್ಲಾಸಿಬೊ (ಔಷಧಿ ಇಲ್ಲದ ಖಾಲಿ ಮಾತ್ರೆ) ಜೊತೆ ಹೋಲಿಸಿದರು. ಹೆಚ್ಚಿನ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. ಪ್ಲಾಸಿಬೊ ಕೊಟ್ಟದ್ದು ಸರಿಯೇ? ಆಗ ಮನೆಯಲ್ಲಿ, ಉಪಕೇಂದ್ರದಲ್ಲಿ ಎಎನ್‌ಎಂ (ಸರ್ಕಾರಿ ದಾದಿ) ಮಾಡಿಸುವ ಹೆರಿಗೆಯಲ್ಲಿ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಇರಲಿಲ್ಲ. ಹೋಲಿಕೆಗೆ ಇಟ್ಟದ್ದು ಅಲ್ಲಿ ಆಗುತ್ತಿದ್ದ ಆರೈಕೆ. ಇವತ್ತು ಅದೇ ಪ್ರಶ್ನೆಗೆ ಗದಗದ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ಲಾಸಿಬೊ ಇಡುತ್ತೇವೆಂದರೆ ಒಪ್ಪಲಾಗದು. 10 ಯೂನಿಟ್ ಆಕ್ಸಿಟೋಸಿನ್ ಈಗ ಎಲ್ಲರಿಗೂ ಸಿಗಬೇಕಾದ ಆರೈಕೆ. ಅದಕ್ಕೆ ಕಮಿಟಿ ಕೇಳಬೇಕಾದ ಪ್ರಶ್ನೆ: ಪ್ಲಾಸಿಬೊ ಸಿಕ್ಕವಳಿಗೆ ಈ ಟ್ರಯಲ್ ಇಲ್ಲದಿದ್ದರೆ ಇದೇ ಆಸ್ಪತ್ರೆಯಲ್ಲಿ ಏನು ಸಿಗುತ್ತಿತ್ತು? ಅದರಲ್ಲಿ ಒಂದು ಗುಳಿಗೆ ಕಡಿಮೆಯಾದರೂ ಪ್ಲಾಸಿಬೊ ಬೇಡ. ಎರಡು ರೂಢಿಯ ಚಿಕಿತ್ಸೆಗಳನ್ನು ಹೋಲಿಸಿ, ಇಲ್ಲವೇ ರೂಢಿಯ ಚಿಕಿತ್ಸೆಯ ಮೇಲೆ ಹೊಸದನ್ನು ಸೇರಿಸಿ.

ಆಸ್ಪಿರಿನ್ ಟ್ರಯಲ್ ಹೀಗೆ ಮೇಲೆ ಸೇರಿಸಿದ್ದು. ಭಾರತವೂ ಸೇರಿ ಆರು ದೇಶಗಳಲ್ಲಿ ಚೊಚ್ಚಲ ಗರ್ಭಿಣಿಯರಿಗೆ 6ರಿಂದ 13 ವಾರದ ನಡುವೆ ದಿನಕ್ಕೆ 81 ಮಿಗ್ರಾಂ ಅಥವಾ ಪ್ಲಾಸಿಬೊ ಶುರು ಮಾಡಿದರು. ದಿನ ತುಂಬದ ಹೆರಿಗೆ ಶೇ. 13.1ರಿಂದ 11.6ಕ್ಕೆ ಇಳಿಯಿತು. 2020ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಸುಮಾರು ಹನ್ನೆರಡು ಸಾವಿರ ಗರ್ಭಿಣಿಯರು ಬೇಕಾದರು. ಇಷ್ಟು ಸಣ್ಣ ಅಂತರವನ್ನು ನೂರು ಜನರಲ್ಲಿ ಹುಡುಕಲಾಗದು. ಉತ್ತರ ಕೊಡಲಾಗದಷ್ಟು ಚಿಕ್ಕ ಟ್ರಯಲ್‌ಗೆ ಗರ್ಭಿಣಿಯನ್ನು ಸೇರಿಸುವುದು ಸ್ವತಃ ಅನೈತಿಕ ಎಂಬುದನ್ನು ಗೈಡ್‌ಗಳು ಗಟ್ಟಿಯಾಗಿ ಹೇಳಬೇಕು.

ಸ್ಟೆರಾಯ್ಡ್ ಕಥೆಯಂತೂ ಪ್ರತಿ ಕಮಿಟಿಗೂ ಗೊತ್ತಿರಬೇಕಾದದ್ದು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಲಕ್ಷಣವಿದ್ದರೆ ತಾಯಿಗೆ ಸ್ಟೆರಾಯ್ಡ್ ಕೊಟ್ಟರೆ ಮಗುವಿನ ಪುಪ್ಪುಸ ಬಲಿಯುತ್ತದೆ ಎಂಬುದು ಶ್ರೀಮಂತ ದೇಶಗಳಲ್ಲಿ ಸಾಬೀತಾಗಿತ್ತು. ಅದನ್ನು ಬಡ ದೇಶಗಳ ಹಳ್ಳಿ ಆಸ್ಪತ್ರೆಗಳವರೆಗೆ ಹರಡಿದರೆ ಏನಾಗುತ್ತದೆಂದು ಭಾರತ ಸೇರಿ ಆರು ದೇಶಗಳಲ್ಲಿ ನೋಡಿದಾಗ ನವಜಾತ ಶಿಶುಗಳ ಸಾವು ಸಾವಿರಕ್ಕೆ 3.5ರಷ್ಟು ಹೆಚ್ಚಾಯಿತು, ತಾಯಂದಿರಲ್ಲಿ ಸೋಂಕಿನ ಅನುಮಾನವೂ ಏರಿತು. ವಾರದ ಲೆಕ್ಕ ತಪ್ಪಿ, ದಿನ ತುಂಬಿದ ಹೆರಿಗೆಯವರಿಗೂ ಔಷಧಿ ಹೋಗಿತ್ತು. ಆಮೇಲೆ ಸ್ಕ್ಯಾನ್‌ನಲ್ಲಿ ವಾರ ಖಚಿತಪಡಿಸಿ, ಮಗುವಿನ ಆರೈಕೆ ಇರುವ ಆಸ್ಪತ್ರೆಗಳಲ್ಲಿ ಮಾತ್ರ, 26ರಿಂದ 34 ವಾರದೊಳಗಿನ 2,852 ಮಹಿಳೆಯರಿಗೆ 6 ಮಿಗ್ರಾಂ ಡೆಕ್ಸಾಮೆಥಸೋನ್ ಅಥವಾ ಪ್ಲಾಸಿಬೊ ಕೊಟ್ಟರು. 12 ತಾಸಿಗೊಮ್ಮೆ, ಹೆಚ್ಚೆಂದರೆ ನಾಲ್ಕು ಡೋಸ್. ನವಜಾತರ ಸಾವು ಶೇ. 23.5ರಿಂದ 19.6ಕ್ಕೆ ಇಳಿದು, ಟ್ರಯಲ್ ಅವಧಿಗೆ ಮುಂಚೆಯೇ ನಿಂತಿತು. ಒಂದೇ ಔಷಧಿ, ಎಲ್ಲಿ, ಯಾರಿಗೆ, ಯಾವ ವಾರದಲ್ಲಿ ಎಂಬುದರ ಮೇಲೆ ಒಂದು ಕಡೆ ಕೆಡುಕು, ಒಂದು ಕಡೆ ಒಳಿತು. ಹೊರಗಿನ ಫಲಿತಾಂಶವನ್ನು ನಮ್ಮ ಆಸ್ಪತ್ರೆಗೆ ಹಾಗೇ ತಂದು ಹಾಕಲಾಗದು ಎಂಬುದಕ್ಕೇ ನಮ್ಮ ಗರ್ಭಿಣಿಯರೂ ಟ್ರಯಲ್‌ನಲ್ಲಿರಬೇಕು. ಟ್ರಯಲ್ ಹಿಡಿದರೆ ವಾರದ ಲೆಕ್ಕವನ್ನು ಕೊನೆಯ ಮುಟ್ಟಿನ ನೆನಪಿಗೆ ಬಿಡದೆ, ಮೊದಲ ತ್ರೈಮಾಸಿಕದ ಸ್ಕ್ಯಾನ್‌ನಿಂದಲೇ ತೆಗೆಯಿರಿ.

ಕಾನೂನು ಏನನ್ನುತ್ತದೆ

2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಔಷಧಿ ಗರ್ಭಿಣಿಯರಿಗೆ, ಭ್ರೂಣಕ್ಕೆ, ಹಾಲುಣಿಸುವ ತಾಯಂದಿರಿಗೆ ಅಥವಾ ಹಾಲು ಕುಡಿಯುವ ಮಕ್ಕಳಿಗೆ ಉದ್ದೇಶಿಸಿದ್ದಾಗಿ, ಬೇರೆಯವರಿಂದ ಬಂದ ಮಾಹಿತಿ ಸಾಲದಾದಾಗ ಮಾತ್ರ ಅವರನ್ನು ಸೇರಿಸಬಹುದು. ಗರ್ಭದಲ್ಲಿ ಬಳಸುವ ಹೊಸ ಔಷಧಿಯಾದರೆ ಗರ್ಭ, ಭ್ರೂಣ, ಮಗುವಿನ ಮುಂದಿನ ಮಾಹಿತಿಯೂ ಬೇಕು. ತಾಯಿ ಟ್ರಯಲ್‌ನಲ್ಲಿದ್ದ ಕಾರಣಕ್ಕೆ ಹೊಟ್ಟೆಯಲ್ಲಿನ ಮಗುವಿಗೆ ಆದ ಹಾನಿಯೂ ಪರಿಹಾರಕ್ಕೆ ಅರ್ಹ. ರೂಢಿಯ ಆರೈಕೆ ಇದ್ದೂ ಪ್ಲಾಸಿಬೊ ಕೊಟ್ಟು ಆದ ಹಾನಿಯೂ ಅಷ್ಟೇ. ಹುಟ್ಟುದೋಷಕ್ಕೆ ಪರಿಹಾರದ ಅಳತೆ ಬೇರೆಯೇ ಇದೆ: ಠೇವಣಿ ಇಟ್ಟರೆ ಬರುವ ತಿಂಗಳ ಬಡ್ಡಿ ಕೌಶಲ್ಯರಹಿತ ಕಾರ್ಮಿಕರ ಕನಿಷ್ಠ ಕೂಲಿಯ ಸುಮಾರು ಅರ್ಧದಷ್ಟಾಗುವ ಇಡುಗಂಟು. ನಿಮ್ಮ ವಿಮಾ ಪಾಲಿಸಿ ಮಗುವನ್ನೂ ಒಳಗೊಂಡಿದೆಯೇ, ಹುಟ್ಟಿದ ಮೇಲೆ ಎಷ್ಟು ವರ್ಷದವರೆಗೆ ಎಂದು ಓದಿ ನೋಡಿ. ಗಂಭೀರ ಘಟನೆಯಾದರೆ 24 ತಾಸಿನೊಳಗೆ ವರದಿ. ಗರ್ಭ ಇಳಿದದ್ದು, ಹೊಟ್ಟೆಯಲ್ಲೇ ಮಗು ತೀರಿದ್ದು ‘ಸಹಜವಾಗಿ ಆಗುತ್ತಿರುತ್ತದೆ’ ಎಂದು ಬಿಡುವಂತಿಲ್ಲ.

ಅಧ್ಯಯನದ ಪ್ರತಿ ಸ್ಕ್ಯಾನ್‌ಗೂ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ಎಫ್ ನಮೂನೆ ತುಂಬಬೇಕು, ಯಂತ್ರ ನೋಂದಾಯಿತ ಜಾಗದಲ್ಲೇ ಇರಬೇಕು. ಡೇಟಾ ಶೀಟ್‌ನಲ್ಲಿ ಹುಟ್ಟುವ ಮುಂಚೆ ಮಗುವಿನ ಲಿಂಗದ ಕಾಲಂ ಇರಲೇಕೂಡದು. 18 ತುಂಬದ ಗರ್ಭಿಣಿ ಬಂದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಅಡಿ ತಿಳಿಸಲೇಬೇಕಾದ ಹೊಣೆ ಇದೆ, ಆದ್ದರಿಂದ ‘ನಿಮ್ಮ ಮಾಹಿತಿ ಯಾರಿಗೂ ಹೋಗುವುದಿಲ್ಲ’ ಎಂಬ ಮಾತನ್ನು ಒಪ್ಪಿಗೆ ಪತ್ರದಲ್ಲಿ ಬರೆಯಬೇಡಿ.

ಒಪ್ಪಿಗೆ, ತವರು, ಖರ್ಚು

ಒಪ್ಪಿಗೆ ಅವಳದ್ದು. ಗಂಡ, ಅತ್ತೆ ಕೂತು ಕೇಳಲಿ, ಅವಳು ಬಯಸಿದರೆ ಮಾತಾಡಲಿ. ಅವರ ಸಹಿ ಅವಳ ಸಹಿಗೆ ಬದಲಿಯಲ್ಲ. ಸಹಿ ಬಾರದವರ ಹೆಬ್ಬೆಟ್ಟಿಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಬೇಕು. ಕರೆತಂದ ಆಶಾ ಕಾರ್ಯಕರ್ತೆಗೆ ಅಧ್ಯಯನದಿಂದ ಗೌರವಧನವಿದ್ದರೆ ಅವಳು ಸಾಕ್ಷಿಯಾಗಲಾರಳು. ಚಿಕಿತ್ಸೆ ಕೊಡುವ ಡಾಕ್ಟರೇ ಒಪ್ಪಿಗೆ ಕೇಳಿದರೆ ಒಲ್ಲೆ ಎನ್ನುವುದು ಕಷ್ಟ, ಬೇರೆಯವರು ಕೇಳಲಿ. ಹೇಳುವ ಮಾತು ಇಲ್ಲಿಯದೇ ಆಗಿರಲಿ: ‘ಅಕ್ಕಾ, ನಿಮಗ ಔಷಧದ ಗುಳಿಗಿ ಬರತೈತೋ, ಔಷಧ ಇಲ್ಲದ ಖಾಲಿ ಗುಳಿಗಿ ಬರತೈತೋ ಅನ್ನೂದು ಚೀಟಿ ಎತ್ತಿದಂಗ. ನಾವೂ ಆರಿಸಂಗಿಲ್ಲ, ನಮಗೂ ಗೊತ್ತಿರಂಗಿಲ್ಲ. ನೀವು ಒಲ್ಲೆ ಅಂದ್ರೂ ಇಲ್ಲೇ ತೋರಿಸ್ಕೋಬಹುದು, ಇಲ್ಲೇ ಹೆರಿಗಿ ಆಗಬಹುದು.’ ಆಮೇಲೆ ಅವಳ ಬಾಯಿಂದಲೇ ತಿರುಗಿ ಹೇಳಿಸಿ. ಗದಗ, ಹಾವೇರಿಯ ತಾಂಡಾಗಳಿಂದ ಬರುವವರಿಗೆ ಲಂಬಾಣಿಯಲ್ಲಿ, ಹುಬ್ಬಳ್ಳಿಯಲ್ಲಿ ಉರ್ದುವಿನಲ್ಲಿ ಹೇಳುವವರು ಬೇಕು. ಹೆರಿಗೆ ಹೊತ್ತಿನ ಔಷಧಿಯ ಅಧ್ಯಯನವಾದರೆ ನೋವು ತಿನ್ನುತ್ತಿರುವವಳ ಮುಂದೆ ಪತ್ರ ಹಿಡಿಯಬೇಡಿ. 32ರಿಂದ 36 ವಾರದ ತಪಾಸಣೆಯಲ್ಲೇ ಕೇಳಿಟ್ಟು, ಹೆರಿಗೆಗೆ ಬಂದಾಗ ‘ಈಗಲೂ ಒಪ್ಪಿಗೆಯೇ’ ಎಂದು ಒಂದು ಮಾತು ಕೇಳಿದರೆ ಸಾಕು.

ಹೊರಗಿನವರು ಬರೆದ ಪ್ರೋಟೊಕಾಲ್ ನಮ್ಮಲ್ಲಿ ಕುಸಿಯುವುದು ಕುಬಸ (ಸೀಮಂತ) ಮುಗಿದ ಮೇಲೆ. ಏಳನೇ ತಿಂಗಳಲ್ಲಿ ಚೊಚ್ಚಲಗಿತ್ತಿ ತವರಿಗೆ ಹೋಗುತ್ತಾಳೆ. ಹುಬ್ಬಳ್ಳಿಯಲ್ಲಿ ಸೇರಿಸಿದವಳ ಹೆರಿಗೆ ರಾಣೆಬೆನ್ನೂರಲ್ಲೋ ರೋಣದಲ್ಲೋ ಆಗುತ್ತದೆ, ನಿಮ್ಮ ಲೆಕ್ಕದಲ್ಲಿ ಅವಳು ‘ಕೈತಪ್ಪಿದವಳು’. ಸೇರಿಸುವ ದಿನವೇ ತವರಿನ ಊರು, ಅಲ್ಲಿಯ ಆಶಾ, ತಾಯಿ ಕಾರ್ಡ್ ನಂಬರ್, ಎರಡು ಫೋನ್ ನಂಬರ್ ಬರೆದುಕೊಳ್ಳಿ. ಫೋನ್ ಗಂಡನ ಕೈಯಲ್ಲಿದ್ದರೆ ಏನು ಹೇಳಬಹುದು, ಏನು ಹೇಳಬಾರದು ಎಂದು ಅವಳನ್ನೇ ಕೇಳಿ. ತವರಿನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿನ ತೂಕ, ತಲೆಸುತ್ತಳತೆ, ದೋಷ ನೋಡಿ ಬರೆಯುವವರನ್ನು ಮೊದಲೇ ಗೊತ್ತು ಮಾಡಿ. ಒಂದು ಗುಂಪಿನವರೇ ಹೆಚ್ಚು ಕೈತಪ್ಪಿದರೆ ಫಲಿತಾಂಶ ಪೂರ್ತಿ ವಾಲುತ್ತದೆ.

ಶಕ್ತಿ ಯೋಜನೆಯಿಂದ ಅವಳ ಬಸ್ ಖರ್ಚು ಇಲ್ಲ. ಜೊತೆಗೆ ಬರುವ ಗಂಡನದ್ದು ಇದೆ, ಇಬ್ಬರ ಕೂಲಿಯೂ ಹೋಗುತ್ತದೆ. ಅಷ್ಟನ್ನು, ಒಂದು ಊಟವನ್ನು ಕೊಡಿ. ಅದಕ್ಕಿಂತ ಹೆಚ್ಚು ಕೊಟ್ಟು ಅಪಾಯ ಮರೆಸಬೇಡಿ.

ಕಮಿಟಿ ಸಭೆಯ ದಿನ

ನಿಯಮದ ಪ್ರಕಾರ ಏಳು ಸದಸ್ಯರಾದರೂ ಇರಬೇಕು, ಅವರಲ್ಲಿ ಒಬ್ಬ ಮಹಿಳೆ, ಅರ್ಧದಷ್ಟು ಹೊರಗಿನವರು. ಸಭೆ ನಡೆಯಲು ಐವರು. ಗರ್ಭಿಣಿಯರ ವಿಷಯ ಬಂದಾಗ ಹೆರಿಗೆ ತಜ್ಞರನ್ನೂ ನವಜಾತ ಶಿಶು ತಜ್ಞರನ್ನೂ ಮತವಿಲ್ಲದ ವಿಶೇಷ ಆಹ್ವಾನಿತರಾಗಿ ಕರೆಯಿರಿ, ಪ್ರಸ್ತಾವ ಅವರದೇ ಆಗಿದ್ದರೆ ಬೇರೆ ಆಸ್ಪತ್ರೆಯವರನ್ನು. ಸಿಟಿಆರ್‌ಐ (ಟ್ರಯಲ್‌ಗಳ ರಾಷ್ಟ್ರೀಯ ದಾಖಲೆ ಪಟ್ಟಿ) ನೋಂದಣಿ ಮೊದಲ ಮಹಿಳೆಯನ್ನು ಸೇರಿಸುವ ಮುಂಚೆ ಆಗಿರಲಿ. ಹೊರಗಿಡುವ ದಾರಿಯನ್ನೇ ಒಪ್ಪಿದರೆ ಅದರ ಕಾರಣವನ್ನು ನಡಾವಳಿಯಲ್ಲಿ ಬರೆಯಿರಿ. ಪ್ರಾಣಿಗಳ ವರದಿ ಬಂದಾಗ, ಇಲ್ಲವೇ ಬೇರೆಡೆ ಗರ್ಭಿಣಿಯರ ಮಾಹಿತಿ ಪ್ರಕಟವಾದಾಗ ಮತ್ತೆ ನೋಡುತ್ತೇವೆ ಎಂದು ದಿನಾಂಕ ಹಾಕಿ. ಆ ದಿನ ಬಂದಾಗ ಕಡತ ಮೇಜಿನ ಮೇಲೆ ಇರುವಂತೆ ನೋಡಿಕೊಳ್ಳುವ ಕೆಲಸ ಸದಸ್ಯ ಕಾರ್ಯದರ್ಶಿಯದ್ದು.